ಹಿಂದೆ ಯಾರೂ ಇಲ್ಲವೆಂದ ಬ್ರಿಡ್ಜ್ ಮಹಾಶಯರಿಗೆ

ಅಕ್ಕನ ಕಣ್ಣಾಸ್ಪತ್ರೆಯ ಕಂಪ್ಯೂಟರಿನೊಳಗೆ ಧೂಳಿನ ಮೆತ್ತೆಯ ಮೇಲೆ ವಿರಾಜಮಾನರಾಗಿ ಹೊರಗಿನ ಯಂತ್ರಗಳನ್ನು ಒಳಕ್ಕೆ ಬಿಟ್ಟುಕೊಳ್ಳುವ ಬಸ್ ಬ್ರಿಡ್ಜ್ ಎಂಬ ಚಿಪ್ಪಿನವರ ಸನ್ನಿಧಾನಕ್ಕೆ, ತಮ್ಮಂಥವರನ್ನು ಸಂಭಾಳಿಸುವ ಕರ್ನಲ್ ಕೋಡ್ ಬರೆದೇ ಹೊಟ್ಟೆ ಹೊರೆಯುವ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ಅಲಂಕಾರಕ್ಕೆ ಹೇಳಿದ್ದಲ್ಲ; ಮೇಜಿನ ಕೆಳಗೆ ಬೇರೆ ಭಂಗಿಗೆ ಜಾಗವಿಲ್ಲ.

ಮಾನ್ಯರೇ, ಕಂಪ್ಯೂಟರ್ ಎದ್ದೊಡನೆ ಅದರ ಯಜಮಾನ ತಂತ್ರಾಂಶವಾದ ಕರ್ನಲ್ಲು ತಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಹಿಂದೆ ಯಾರಿದ್ದಾರೆ, ಎಷ್ಟು ಜಾಗ ಬೇಕು? ತಮ್ಮ ಹಿಂದಿರುವುದು ಕಣ್ಣಿನ ಒಳಪರದೆಯ ಚಿತ್ರ ತೆಗೆಯುವ ಕ್ಯಾಮೆರಾ. ಪಾಪ, ಅದಕ್ಕೆ ಎದ್ದು ಮೈಮುರಿಯಲು ಮೂರು ನಿಮಿಷ ಬೇಕು. ಸತ್ಯಸಂಧರಾದ ತಾವು ಥಟ್ಟನೆ "ಯಾರೂ ಇಲ್ಲ" ಎನ್ನುತ್ತೀರಿ, ಕರ್ನಲ್ಲು ಸೊನ್ನೆ ಜಾಗ ಬರೆದುಕೊಳ್ಳುತ್ತದೆ. ಆಮೇಲೆ ಕ್ಯಾಮೆರಾ ಬಂದು ಬಾಗಿಲು ಬಡಿದರೆ, ಇಡೀ ಬಂಗಲೆ ಖಾಲಿಯಿದ್ದರೂ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಅಟ್ಟುತ್ತೀರಿ. ಇಂಥ ಶಿಸ್ತು ನನಗಿದ್ದಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಅಧಿಕಾರಿಯಾಗಿರುತ್ತಿದ್ದೆ.

ಆದರೆ ಹೊರಗೆ ಬೆಂಚಿನ ಮೇಲೆ ಒಬ್ಬ ಹಿರಿಯ ದರ್ಜಿ ಕುಳಿತಿದ್ದಾರೆ. ಅವರ ಬಲಗಣ್ಣು ದಿನೇ ದಿನೇ ಮಂಜಾಗುತ್ತಿದೆ. ಚಿತ್ರ ನೋಡದೆ ಅಕ್ಕ ಚಿಕಿತ್ಸೆ ಶುರುಮಾಡುವಂತಿಲ್ಲ, ತಡವಾದರೆ ಹೋದ ದೃಷ್ಟಿ ವಾಪಸು ಬರುವುದಿಲ್ಲ. ಮೂರನೆಯ ಸಲ ಬಂದವರು, "ಡಾಕ್ಟ್ರಮ್ಮಾ, ನೀವು ನನ್ನ ಕಣ್ಣು ನೋಡ್ತೀರೋ, ಇಲ್ಲಾ ನಾನೇ ದಿನಾ ನಿಮ್ಮ ತಮ್ಮನ ಬೆನ್ನು ನೋಡ್ಕೊಂಡು ಹೋಗ್ಬೇಕೋ? ಪ್ಯಾಂಟಿನ ಹಿಂಬದಿ ಹೊಲಿಗೆ ಬಿಟ್ಟಿದೆ, ಅಷ್ಟಂತೂ ಕಾಣಿಸ್ತು" ಎಂದರು.

ಆದಕಾರಣ ತಾವು ಇನ್ನು ಮುಂದೆ ಸತ್ಯ ನುಡಿಯುವ ಮೊದಲು ಒಮ್ಮೆ ಕೆಮ್ಮಬೇಕು, ಹಿಂತಿರುಗಿ ನೋಡಬೇಕು, ಸಾಧ್ಯವಾದರೆ ಬರುವವರಿದ್ದಾರೆಂದು ಚಿಕ್ಕದೊಂದು ಸುಳ್ಳನ್ನೂ ಹೇಳಬೇಕು. ಕರ್ಚೀಫು ಹಾಕಿ ಸೀಟು ಹಿಡಿಯುವುದನ್ನು ಬಸ್ಸಿನ ಹೆಸರು ಹೊತ್ತವರಿಗೆ ನಾನು ಕಲಿಸಬೇಕೆ?

ಇಷ್ಟು ಬರೆಯುವಷ್ಟರಲ್ಲಿ, ವಾರದಿಂದ ರಜೆಯಲ್ಲಿದ್ದ ನರ್ಸಮ್ಮ ಬಂದರು. ಕ್ಯಾಮೆರಾ, ಕಂಪ್ಯೂಟರ್ ಎರಡರ ಸ್ವಿಚ್ಚನ್ನೂ ಒಂದೇ ಏಟಿಗೆ ಹಾಕುತ್ತ ಮೂರು ದಿನದಿಂದ ಕೋಡು ತಿದ್ದುತ್ತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ, ಎಲ್ಲ ಆರಿಸಿದರು. ಕ್ಯಾಮೆರಾ ಹಾಕಿದರು, ಕಿಟಕಿಯ ಐದು ಕುಂಡಗಳಿಗೆ ನಿಧಾನವಾಗಿ ನೀರೆರೆದರು, ಆಮೇಲೆ ಕಂಪ್ಯೂಟರ್ ಹಾಕಿದರು. ತಾವು ಮರುಮಾತಿಲ್ಲದೆ "ಇದ್ದಾರೆ" ಎಂದಿರಿ! ದರ್ಜಿಯವರ ಕಣ್ಣಿನ ಚಿತ್ರ ಬಂತು, ನಾಳೆಯಿಂದ ಚಿಕಿತ್ಸೆ. "ಅಯ್ಯೋ, ನೀವು ಮೊದಲು ಗಿಡಕ್ಕೆ ನೀರು ಹಾಕ್ಲಿಲ್ವಾ?" ಎಂದು ಆಕೆ ಕೇಳಿದ್ದಕ್ಕೆ, ಹದಿನೈದು ವರ್ಷದ ಅನುಭವವುಳ್ಳ ನಾನು ಕುಂಡಗಳನ್ನು ಎಣಿಸಿ ಬರೆದುಕೊಂಡೆ.

ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ತಾ.ಕ.: ಅಕ್ಕ ಗೋಡೆಗೆ ಚೀಟಿ ಅಂಟಿಸಿದ್ದಾಳೆ: "ಮೊದಲು ಕ್ಯಾಮೆರಾ, ಆಮೇಲೆ ಗಿಡ, ಆಮೇಲೆ ಕಂಪ್ಯೂಟರ್. ತಮ್ಮನನ್ನು ಕರೆಯಬೇಡಿ." ಕಣ್ಣು ಸರಿಹೋದ ಮೇಲೆ ನನ್ನ ಪ್ಯಾಂಟು ಹೊಲಿದುಕೊಡುವುದಾಗಿ ದರ್ಜಿಯವರು ಮಾತು ಕೊಟ್ಟಿದ್ದಾರೆ. ಅಲ್ಲಿಯವರೆಗೆ, ನನ್ನ ಹಿಂದೆ ಯಾರಿದ್ದಾರೆಂದು ನಾನೇ ಗಾಬರಿಯಿಂದ ಕೇಳಿದರೆ, ದಯವಿಟ್ಟು ತಾವು ಮೊದಲಿನಂತೆಯೇ "ಯಾರೂ ಇಲ್ಲ" ಎನ್ನಿ.