ಭಾನುವಾರದೊಳಗೆ ಖಾಲಿ ಮಾಡ್ತೀನಿ

ತನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದವರಿಗೆ ಭೇಷ್ ಎಂದು ಚಪ್ಪಾಳೆ ತಟ್ಟಿದ ಗಂಡಸು ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಇನ್ನೊಬ್ಬರು ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರೂ ಸೇರಿ ಒಂದು ರೂಮು ಮಾಡೋಣ.

ನಾನು ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಅಂತರರಾಷ್ಟ್ರೀಯ ಭಾಷಾ ಮಹಾವಿದ್ಯಾಲಯ. (ಇರುವುದು ನಾಲ್ಕು ರೂಮು, ಅದರಲ್ಲಿ ಒಂದು ಸೋರುತ್ತದೆ.) ಅಲ್ಲಿ ಯಾರಿಗೂ ವ್ಯಾಕರಣ ಬೇಡ, ಎಲ್ಲರಿಗೂ ಮಾತು ಬೇಕು. ಹೀಗಾಗಿ ನನ್ನ ಕೆಲಸ ಹೆಚ್ಚುಕಡಿಮೆ ನಾಟಕದ್ದೇ. ನರ್ಸ್ ಬಂದರೆ ನಾನು ರೋಗಿ, ಹೋಟೆಲಿನವನು ಬಂದರೆ ಗಿರಾಕಿ, ಪೊಲೀಸ್ ಪೇದೆ ಬಂದರೆ ಕಳ್ಳ. ಪ್ರಿನ್ಸಿಪಾಲರ ಕಟ್ಟಪ್ಪಣೆ ಏನೆಂದರೆ, ವಿದ್ಯಾರ್ಥಿ ಏನು ಹೇಳಿದರೂ ಇಲ್ಲ ಅನ್ನಬಾರದು, ಹಾಗಂದರೆ ಅವನ ಧೈರ್ಯ ಕುಸಿಯುತ್ತದೆ. ಆದ್ದರಿಂದ ದಿನಾ ಮಾಡದ ಕಳ್ಳತನವನ್ನೆಲ್ಲ ಒಪ್ಪಿಕೊಂಡು, ನಗುನಗುತ್ತಾ ಜೈಲಿಗೆ ಹೋಗಿ, ಬೆಲ್ ಹೊಡೆದ ಮೇಲೆ ಬಿಡುಗಡೆಯಾಗಿ ಮನೆಗೆ ಬರುತ್ತಿದ್ದೆ.

ಮನೆಗೆ ಬಂದರೂ ಮೇಷ್ಟ್ರುಗಿರಿ ಮೈಮೇಲಿಂದ ಇಳಿಯುತ್ತಿರಲಿಲ್ಲ. ನನ್ನಾಕೆಯ ಹತ್ತಿರ ಕನ್ನಡವನ್ನೂ ಒಂದೊಂದೇ ಪದ ಬಿಡಿಸಿ, ಕೈ ಆಡಿಸಿ ಮಾತಾಡುತ್ತಿದ್ದೆನಂತೆ. "ಹಾಲು. ಉಕ್ಕುತ್ತಿದೆ. ಗೊತ್ತಾಯ್ತಾ?" ಅವಳು ಹೇಗೆ ಹೇಳಿದಳು ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು, ಏನು ಹೇಳಿದಳು ಅನ್ನುವುದು ಬೀಳುತ್ತಿರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ನಿಂತು, "ಅಮ್ಮನಿಗೆ ಲಕ್ವ ಹೊಡೆದಿದೆಯಂತೆ. ಬಲಗೈ ಏಳ್ತಾ ಇಲ್ವಂತೆ," ಅಂದಳು.

ನಾನು ಮಾರನೆಯ ದಿನದ ಪಾಠ ಬರೆಯುತ್ತಿದ್ದೆ. ತಲೆ ಎತ್ತದೆ, "ಗುಡ್. ಇನ್ನೂ ಸ್ವಲ್ಪ ವಿವರವಾಗಿ ಹೇಳು," ಅಂದೆ.

ಅವಳು ವಿವರಕ್ಕೆ ಇಳಿಯಲಿಲ್ಲ, ಮೆಟ್ಟಿಲು ಇಳಿದು ಅಡುಗೆಮನೆಗೆ ಹೋದಳು. ಪಾಠ ಬರೆದು ಮುಗಿಸಿದ ಮೇಲೆ ನನಗೆ ಜ್ಞಾನೋದಯವಾಗಿ ಕೆಳಗೆ ಹೋಗಿ ಸಮಾಧಾನ ಹೇಳಿದೆ. ಅದನ್ನೂ ಬೆರಳು ಮಡಚಿ ಹೇಳಿದೆ, ಹಾಳು ಅಭ್ಯಾಸ. ಒಂದು, ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ. ಎರಡು, ನೋಡಿಕೊಳ್ಳಲು ನಿನ್ನ ತಮ್ಮ ಇದ್ದಾನೆ. ಮೂರು, ನಮ್ಮ ಪರೀಕ್ಷೆಗಳು ಮುಗಿಯಲಿ, ಇಬ್ಬರೂ ಹೋಗಿ ನೋಡಿಕೊಂಡು ಬರೋಣ. ಆವತ್ತಿನಿಂದ ಅವಳ ಮಾತು ಕಡಿಮೆಯಾಯಿತು. ಮನೆಯಲ್ಲಿ ಶಾಂತಿ ನೆಲೆಸಿತು ಅಂದುಕೊಂಡೆ.

ಆ ಅಡುಗೆಮನೆ ನಮಗೂ ಮನೆಯೊಡತಿಗೂ ಸೇರಿ ಒಂದೇ. ಆಕೆ ಪರದೆ ಹೊಲಿದು ಬದುಕುವ ಒಂಟಿ ಹೆಂಗಸು. ಆಕೆಗೆ ನನ್ನಾಕೆಯ ಭಾಷೆ ಬಾರದು, ಇವಳಿಗೆ ಆಕೆಯದು ಬಾರದು. ಆದರೂ ಇಬ್ಬರೂ ಎದುರುಬದುರು ಕೂತು ತರಕಾರಿ ಹೆಚ್ಚುತ್ತಿದ್ದರು, ಹೆಚ್ಚಿ ಮುಗಿದ ಮೇಲೂ ಕೂತೇ ಇರುತ್ತಿದ್ದರು. ಇದನ್ನು ಸಂಭಾಷಣೆ ಅನ್ನಲಾದೀತೇ, ನೀವೇ ಹೇಳಿ.

ಆ ವಾರವೇ ಮನೆಯೊಡತಿ ನನ್ನ ಹತ್ತಿರ ಬಂದು, ತಮಗೂ ಇಂಗ್ಲಿಷ್ ಸುಧಾರಿಸಬೇಕು ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ಬಾಡಿಗೆಗೆ ಇರುವವರ ಜೊತೆ ಮಾತಾಡುವುದಕ್ಕೆ ಎಂದರು. ಆ ಮನೆಯಲ್ಲಿ ಬಾಡಿಗೆಗೆ ಇದ್ದವರು ನಾವಿಬ್ಬರೇ. ಅದು ಹೊಳೆಯುವಷ್ಟು ಬುದ್ಧಿಯಿದ್ದಿದ್ದರೆ ನಾನು ಇನ್ನೊಬ್ಬರಿಗೆ ಪಾಠ ಹೇಳಲು ಯಾಕೆ ಹೋಗುತ್ತಿದ್ದೆ?

ಆಕೆ ಚುರುಕು. ಸ್ವಲ್ಪ ದಿನಕ್ಕೇ ಸರಾಗವಾಗಿ ಮಾತಾಡತೊಡಗಿದರು. ಒಂದು ಗುರುವಾರ ಮನೆ ಮಾಲೀಕರು ಮತ್ತು ಬಾಡಿಗೆದಾರ ಎಂಬ ಪಾಠ ಇಟ್ಟುಕೊಂಡೆ. ಆರಿಸಿದ್ದು ಆಕೆಯೇ. (ನಡೆದದ್ದೆಲ್ಲ ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.)

"ಸರ್, ನೀವು ನನ್ನ ಮನೆ ಬಿಟ್ಟು ಹೋಗಬೇಕು."

"ಭೇಷ್. ಕಾರಣ ಕೊಡಿ."

"ನಿಮ್ಮ ಹೆಂಡತಿ ದಿನಾ ನನ್ನ ಅಡುಗೆಮನೆಯಲ್ಲಿ ಅಳ್ತಾರೆ."

ಎಂಥ ಕಲ್ಪನಾಶಕ್ತಿ ಅಂದುಕೊಂಡೆ. ನನ್ನ ನರ್ಸ್‌ಗಳಿಗೆ ಹೊಟ್ಟೆನೋವು ಬಿಟ್ಟರೆ ಎರಡನೆಯ ಕಾಯಿಲೆ ಹೊಳೆಯುವುದಿಲ್ಲ.

"ಯಾವಾಗ ಹೋಗ್ತೀರಿ?"

ಪಾತ್ರಕ್ಕೆ ನ್ಯಾಯ ಒದಗಿಸಬೇಕಲ್ಲ, ತಲೆ ತಗ್ಗಿಸಿ, ಕಣ್ಣೊರೆಸಿಕೊಂಡು, "ಭಾನುವಾರದೊಳಗೆ ಖಾಲಿ ಮಾಡ್ತೀನಿ ಮೇಡಂ," ಅಂದೆ. ಮಾತು ಕೊಡ್ತೀರಾ ಎಂದರು. ಕೈ ಹಿಡಿದು ಕುಲುಕಿ ಮಾತು ಕೊಟ್ಟೆ, ಚಪ್ಪಾಳೆಯನ್ನೂ ತಟ್ಟಿದೆ. ನನ್ನಾಕೆ ಮೆಟ್ಟಿಲ ಮೇಲೆ ನಿಂತಿದ್ದಳು. ಹೇಗೆ ತಯಾರು ಮಾಡಿದ್ದೀನಿ ನೋಡಿದ್ಯಾ ಎಂದು ಕೇಳಿದೆ. ನೋಡಿದೆ ಅಂದಳು.

ಭಾನುವಾರ ಬೆಳಿಗ್ಗೆ ಸೂಟ್‌ಕೇಸು ಹೊಸ್ತಿಲ ಹತ್ತಿರ ಬಂದು ಕೂತಿತ್ತು. ಪಾಠವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಮನೆಯೊಡತಿಗೆ ನಗುತ್ತಲೇ ಹೇಳಿದೆ. ಆಕೆ ನಗಲಿಲ್ಲ. ನೀವು ಮಾತು ಕೊಟ್ಟಿದ್ದೀರಿ ಎಂದರು. ಇದು ಪಾಠವಲ್ಲ ಎಂದು ನನಗೆ ಆಗ ಹೊಳೆಯಿತು. ನನ್ನಾಕೆಯ ಕಡೆ ತಿರುಗಿ, "ಈಗ ಎಲ್ಲಿಗೆ ಹೋಗೋದು? ನಿನ್ನ ಸೀರೆಗೀರೆ ಎಲ್ಲ ತುಂಬ್ಕೊಂಡ್ಯಾ?" ಅಂದೆ.

"ಅದರಲ್ಲಿರೋದು ನಿಮ್ಮ ಬಟ್ಟೆ ಮಾತ್ರ. ನಾನು ಇಲ್ಲೇ ಇರ್ತೀನಿ."

"ಇವರ ಜೊತೆನಾ? ಅವರು ಹೇಳೋದು ನಿನಗೆ ಅರ್ಥ ಆಗಲ್ಲ, ನೀನು ಹೇಳೋದು ಅವರಿಗೆ ಆಗಲ್ಲ."

"ಅಮ್ಮನಿಗೆ ಹೀಗಾಯ್ತು ಅಂತ ಇವರಿಗೆ ಕನ್ನಡದಲ್ಲೇ ಹೇಳಿದೆ. ಸ್ಟೌ ಆರಿಸಿ ಬಂದು ಪಕ್ಕದಲ್ಲಿ ಕೂತ್ರು," ಅಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಹಾಗೆ ಹೇಳಲಿಲ್ಲ.

ಈಗ ನನ್ನ ವಾಸ ಮಹಾವಿದ್ಯಾಲಯದ ಸೋರುವ ರೂಮಿನಲ್ಲಿ. ಬೆಂಚು ಜೋಡಿಸಿದರೆ ಮಂಚ, ಡಸ್ಟರು ಇಟ್ಟರೆ ದಿಂಬು. ಮೊನ್ನೆ ಮಧ್ಯಾಹ್ನ ಪಾಠಕ್ಕೆ ಬಂದಿದ್ದ ಒಬ್ಬ ದಂತವೈದ್ಯನ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಾಗ ಊರಿಂದ ಭಾವಮೈದುನನ ಫೋನ್ ಬಂತು. ಅಕ್ಕ ಫೋನ್ ಎತ್ತುತ್ತಿಲ್ಲ, ಅಮ್ಮ ಬೆಳಗಿನಿಂದ ಏನೋ ಹೇಳಬೇಕು ಅಂತ ಒದ್ದಾಡುತ್ತಿದ್ದಾರೆ, ಅವಳಿಗೆ ಕೊಡಿ ಅಂದ. ಅಂದರೆ ನನ್ನಾಕೆ ತವರಿಗೆ ಏನೂ ಹೇಳಿಲ್ಲ. ನನಗೆ ಮನಸ್ಸಿನೊಳಗೆ ಒಂದು ಸಣ್ಣ ದೀಪ ಹತ್ತಿತು.

"ಅಡುಗೆಮನೇಲಿದ್ದಾಳೆ ಕಣೋ," ಅಂದೆ. ಸುಳ್ಳೇನಲ್ಲ.

"ತಗೊಂಡ್ ಹೋಗಿ ಕೊಡಿ ಭಾವ, ನಾವು ಲೈನಲ್ಲೇ ಇರ್ತೀವಿ."

ದಂತವೈದ್ಯನನ್ನು ಅಲ್ಲೇ ಬಿಟ್ಟು ಓಡಿದೆ. ಬೀದಿಯುದ್ದಕ್ಕೂ ಕಿವಿಯಲ್ಲಿ ಅತ್ತೆಯ ಉಸಿರು, ನಡುನಡುವೆ ತೊದಲು. ಒಂದು ಪದವೂ ತಿಳಿಯಲಿಲ್ಲ. ಬಂದೆ ಅತ್ತೆ, ಬಂದೆ, ಅನ್ನುತ್ತಾ ಓಡಿದೆ. ಕೆಲಸ ಶುರುಮಾಡಿದಾಗಿನಿಂದ ಇಷ್ಟು ಹೊತ್ತು ಒಬ್ಬರ ಮಾತನ್ನು ತಿದ್ದದೆ ಕೇಳಿದ್ದು ಅದೇ ಮೊದಲು.

ಬಾಗಿಲು ತೆರೆದವಳು ನನ್ನಾಕೆಯೇ. ಫೋನ್ ಚಾಚಿದೆ. ತೆಗೆದುಕೊಂಡಳು, ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತೆ. ಒಳಗೆ ಎಷ್ಟೋ ಹೊತ್ತು ಅವಳ ದನಿ, ಅತ್ತದ್ದು, ಮಧ್ಯೆ ಒಮ್ಮೆ ನಕ್ಕದ್ದೂ. ಇವಳಲ್ಲಿ ಇಷ್ಟು ಮಾತಿತ್ತೇ ಎಂದು ನನಗೆ ನಾಚಿಕೆಯಾಯಿತು. ಕೊನೆಗೆ, "ಅವರಾ? ಇಲ್ಲೇ ಬಾಗಿಲ ಹತ್ರಾನೇ ಇದ್ದಾರಮ್ಮ, ಚೆನ್ನಾಗಿದ್ದಾರೆ," ಅಂದದ್ದು ಕೇಳಿಸಿತು.

ಚಿಲಕ ಸರಿದ ಸದ್ದಾಯಿತು. ಎದ್ದು ನಿಂತೆ, ಕೂದಲು ಸರಿಮಾಡಿಕೊಂಡೆ. ಬಾಗಿಲು ಒಂದು ಗೇಣು ತೆರೆಯಿತು. ಫೋನ್ ಹಿಡಿದ ಕೈಯೊಂದು ಹೊರಗೆ ಬಂತು. ಕೈ ಮನೆಯೊಡತಿಯದು.