ಪ್ರಾಣೇಶ ಮಾಸ್ತರರು ಗಾಡಿ ಆರಿಸಿದ್ದು

ಪಕ್ಕದ ಮನೆಯ ಅಮೀರ್ ಅಲಿ ಆ ಭಾನುವಾರ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಬಗ್ಗಿ ಒಂದು ಮಾತು ಕೇಳದೆ ಇದ್ದಿದ್ದರೆ, ಪ್ರಾಣೇಶ ಮಾಸ್ತರರ ದಿನ ಎಂದಿನಂತೆ ಹಳೆಯ ಸ್ಕೂಟರನ್ನು ಸ್ಟಾರ್ಟ್ ಮಾಡಲೆಂದು ಒಂದು ಮಗ್ಗುಲಿಗೆ ಮಲಗಿಸುವುದರಲ್ಲಿ, ಮತ್ತೆ ಎಬ್ಬಿಸುವುದರಲ್ಲಿ ಕಳೆದುಹೋಗುತ್ತಿತ್ತು.

"ಮಾಸ್ತರ್ ಸಾಬ್, ಗಾಡಿ ತಗೊಳ್ಳಾಕತ್ತೀನಿ. ಕಲಬುರ್ಗಿಯಿಂದ ಎರಡು ಗಾಡಿ ಬರಾಕತ್ತಾವ, ಓಡಿಸಿ ನೋಡಲಿಕ್ಕೆ. ಯಾವದು ಅಂತ ತಾವು ಹೇಳಬೇಕು. ತಮ್ಮನ್ನ ಕೇಳದ ನಾ ಟಾಯರ್ ಸುದ್ದಾ ಮುಟ್ಟಂಗಿಲ್ಲ."

ಮಾಸ್ತರರು ಸ್ಕೂಟರನ್ನು ಮಲಗಿದ್ದಲ್ಲೇ ಬಿಟ್ಟು ನೆಟ್ಟಗೆ ನಿಂತರು. ಶಹಾಬಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವರಿಗೆ ಕಾರು ಇರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಆದರೆ ಹೈದರಾಬಾದಿನಿಂದ ಪ್ರತಿ ತಿಂಗಳು ಕಾರುಗಳ ಪತ್ರಿಕೆ ತರಿಸಿ, ಅದನ್ನು ಅನಸೂಯಾಬಾಯಿ, ಅಂದರೆ ಅವರ ತಾಯಿ, ಹರಿವಾಯುಸ್ತುತಿ ಓದುವಷ್ಟೇ ಭಕ್ತಿಯಿಂದ ಓದುತ್ತಿದ್ದರು. ಎಸ್‌ಯುವಿ ಎನ್ನುವ ಶಬ್ದವನ್ನು ಆ ಓಣಿಗೆ ತಂದವರೇ ಅವರು. ಓಣಿಯವರು ಇನ್ನೂ ಅದನ್ನು 'ಜೀಪಿನಂಥಾ ಕಾರು' ಎನ್ನುತ್ತಿದ್ದರು ಎಂಬುದು ಬೇರೆ ಮಾತು.

ಗಾಡಿಯಷ್ಟೇ ಅಲ್ಲ. ಆ ಓಣಿಯಲ್ಲಿ ಮಿಕ್ಸರಾಗಲಿ, ಫ್ರಿಜ್ಜಾಗಲಿ, ಬೋರಿನ ಮೋಟರಾಗಲಿ, ಯಾರು ಏನು ತರಬೇಕಾದರೂ ಮೊದಲು ಮಾಸ್ತರರ ಕಟ್ಟೆಗೆ ಬಂದು ಕೂಡುತ್ತಿದ್ದರು. ಮಾಸ್ತರರು ಬೆಲೆಗೆ ತಕ್ಕ ಮಾಲು, ಸುರಕ್ಷತೆ, ಕಸುವು ಎಂದು ಮೂರು ಭಾಗ ಮಾಡಿ, ನೂರಕ್ಕೆ ಇಷ್ಟು ಎಂದು ಮಾರ್ಕ್ಸು ಕೊಟ್ಟು, ಒಂದು ಕಂಪನಿಯ ಹೆಸರು ಹೇಳುತ್ತಿದ್ದರು. ವಿಚಿತ್ರವೆಂದರೆ ಪ್ರತಿ ಸಲವೂ ಓಣಿಗೆ ಬರುತ್ತಿದ್ದುದು ಮತ್ತೊಂದು ಕಂಪನಿಯದು. ಕೇಳಿದರೆ, "ನೀವು ಹೇಳಿದ್ದು ಸ್ಟಾಕ್ ಇರಲಿಲ್ಲರಿ ಸರ್" ಎನ್ನುತ್ತಿದ್ದರು. ಕಲಬುರ್ಗಿಯ ಅಂಗಡಿಯವರಿಗೆ ಒಳ್ಳೆಯ ಮಾಲು ಇಡುವ ಬುದ್ಧಿ ಯಾವಾಗ ಬರುತ್ತದೋ ಎಂದು ಮಾಸ್ತರರು ಮರುಗುತ್ತಿದ್ದರು.

ಈ ಸಲ ಹಾಗಲ್ಲ. ಗಾಡಿಗಳೇ ಬಾಗಿಲಿಗೆ ಬರುತ್ತಿದ್ದವು. ಸ್ಟಾಕ್ ಇಲ್ಲ ಎನ್ನುವ ಮಾತೇ ಇಲ್ಲ. ಊರಿನ ರಸ್ತೆಯ ಮೇಲೆ ಕೊನೆಗೂ ತಮ್ಮ ಆಯ್ಕೆ ಓಡಾಡುತ್ತದೆ, ನಾಲ್ಕು ಚಕ್ರದ ಮೇಲೆ. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು.

ಬಂದ ಎರಡರಲ್ಲಿ ಒಂದು ಕಪ್ಪು ಬಣ್ಣದ 'ಸಿಕಂದರ್', ಗಿಡ್ಡ, ಗಟ್ಟಿ, ಪೈಲ್ವಾನನ ಕುತ್ತಿಗೆಯಂತೆ. ಇನ್ನೊಂದು ಬಿಳಿಯ 'ಗಜರಾಜ'. ಅದರ ಮೂತಿಗೆ ಎಷ್ಟು ಸ್ಟೀಲು ಬಡಿದಿದ್ದರೆಂದರೆ ಮದುವೆಯಲ್ಲಿ ಉಡುಗೊರೆ ಬಂದ ಪಾತ್ರೆಗಳನ್ನೆಲ್ಲ ಅಲ್ಲಿಯೇ ಜೋಡಿಸಿಟ್ಟಂತಿತ್ತು. ಎರಡಕ್ಕೂ ಅಂಗಡಿಯವರೇ ಕಳಿಸಿದ ಒಬ್ಬೊಬ್ಬ ಡ್ರೈವರ್ ಇದ್ದ. ಅಮೀರ್ ಅಲಿಯದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಚಿಂಚೋಳಿಯ ಆಚೆಗಿನ ಹಳ್ಳಿಗಳತನಕ ಗಿರಾಕಿಗಳು. ಆ ಏರು-ಇಳುಕಲಿನ ದಾರಿಯಲ್ಲಿ ಹೆಂಡತಿ ಸರ್ವರಬೇಗಂಳನ್ನೂ ಕೂರಿಸಿಕೊಂಡು ಓಡಾಡುವವನು. ಆದ್ದರಿಂದ ಚಿಂಚೋಳಿಯತನಕ ಎರಡೂ ಗಾಡಿ ಹೊಡೆದುಕೊಂಡು ಹೋಗಿ ನೋಡಬೇಕು ಎಂದು ಮಾಸ್ತರರು ಅಪ್ಪಣೆ ಮಾಡಿದರು.

ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಎದುರುಮನೆಯ ಪೀರಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದ. ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟಾಯರ್ ಆದವನು. ಅಂದಿನಿಂದ ಓಣಿಯ ಎಲ್ಲರ ಬದುಕನ್ನೂ ಹಳಿ ಬದಲಿಸುವ ಕೆಲಸ ಹಚ್ಚಿಕೊಂಡಿದ್ದ. ಖಾಲಿ ಗಾಡಿ ಓಡಿಸಿದರೆ ಕಸುವು ಹೇಗೆ ತಿಳಿಯುತ್ತದೆ, ತನ್ನ ಮಗಳಿಗೆ ಚಿಂಚೋಳಿಯ ಆಚೆ ಐನಾಪುರದಲ್ಲಿ ಅಡುಗೆಮನೆಗೆ ಹಾಸಲು ಫರಸಿಕಲ್ಲು ಬೇಕಾಗಿವೆ, ಅವನ್ನೇ ಏರಿಸಿದರೆ ಪರೀಕ್ಷೆಯೂ ಆಯಿತು, ಪುಣ್ಯವೂ ಬಂತು ಎಂದ. ಒಂದೇ ಗಾಡಿಗೆ ಹೇರುವುದು ಅನ್ಯಾಯವೆಂದು ಮಾಸ್ತರರು ತಡೆದರು. ಪರೀಕ್ಷೆಯೆಂದ ಮೇಲೆ ಇಬ್ಬರಿಗೂ ಒಂದೇ ಪ್ರಶ್ನಪತ್ರಿಕೆ. ಕಲ್ಲುಗಳನ್ನು ಎರಡೂ ಗಾಡಿಗೆ ಸಮ ಹಂಚಿ ಏರಿಸಿದ್ದಾಯಿತು. ಗಜರಾಜದ ಹಿಂಭಾಗ ಆಗಲೇ ಕುಕ್ಕರುಗಾಲಲ್ಲಿ ಕೂತಂತೆ ಕಂಡಿತು.

ಅಷ್ಟರಲ್ಲಿ ಅನಸೂಯಾಬಾಯಿ ಮಡಿಯುಟ್ಟು, ಕೈಯಲ್ಲೊಂದು ಮಣೆ ಹಿಡಿದು ಹೊರಗೆ ಬಂದರು. ಗಾಡಿ ಹೇಗೂ ಮಳಖೇಡದ ಮೇಲೆ ಹೋಗುತ್ತದೆ, ಅಲ್ಲಿ ಗುರುಗಳ ವೃಂದಾವನದ ಮುಂದೆ ಇಳಿಸಿ ಹಿಂತಿರುಗುವಾಗ ಕರೆದುಕೊಂಡರೆ ಸಾಕು ಎಂದರು. ಮಾಸ್ತರರಿಗೆ ಇದೂ ಒಳ್ಳೆಯದೇ ಎನಿಸಿತು: ಸುರಕ್ಷತೆಗೆ ತಾಯಿಗಿಂತ ದೊಡ್ಡ ಪರೀಕ್ಷೆ ಯಾವುದು? ಸಿಕಂದರಿನ ಹಿಂದಿನ ಸೀಟಿನ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ತಾಯಿಯನ್ನು ಕೂರಿಸಿದರು. ಸೀಟ್ ಬೆಲ್ಟ್ ಎಳೆದಾಗ ಮಾತ್ರ ಅವರು ಕೈ ಒದರಿದರು.

"ಯಾರು ಯಾರು ಮುಟ್ಟಿದ್ದೋ ಏನೋ ಅದನ್ನ. ನನಗ ಹಚ್ಚಬ್ಯಾಡ."

"ಅವ್ವಾ, ಇದು ಜೀವ ಉಳಿಸ್ತದ."

"ಮಡಿ ಕೆಟ್ಟ ಮ್ಯಾಲೆ ಜೀವ ಉಳಿಸ್ಕೊಂಡು ಏನು ಮಾಡ್ಲೋ ಪ್ರಾಣ್ಯಾ?"

ಮಾಸ್ತರರು ಸೋಲುವವರಲ್ಲ. ಒಳಗೆ ಓಡಿ, ತಮ್ಮ ಮದುವೆಯಲ್ಲಿ ಉಟ್ಟಿದ್ದ ಮಗುಟ ತಂದು, ರೇಷ್ಮೆಗೆ ಮೈಲಿಗೆಯಿಲ್ಲವೆಂದು ಒಪ್ಪಿಸಿ, ಅದರಿಂದ ತಾಯಿಯನ್ನು ಸೀಟಿಗೆ ಅಡ್ಡಡ್ಡ ಕಟ್ಟಿದರು. ಯಾವ ಪತ್ರಿಕೆಯಲ್ಲೂ ಇಲ್ಲದ ಸುಧಾರಣೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಮಾಸ್ತರರ ಎದೆ ಒಂದು ಬೆರಳು ಮುಂದೆ ಬಂತು.

ವಾಡಿಯ ರೈಲ್ವೆ ಗೇಟಿನ ಹತ್ತಿರ ಒಂದು ಎಮ್ಮೆ ಅಡ್ಡ ಬಂದಾಗ ಆ ಸುಧಾರಣೆಯ ಬೆಲೆ ಗೊತ್ತಾಯಿತು. ಸಿಕಂದರ್ ನಿಂತದ್ದು ಮೊಳೆ ಹೊಡೆದ ಹಾಗೆ. ಅನಸೂಯಾಬಾಯಿ ಕದಲಲಿಲ್ಲ. ಅವರ ತೊಡೆಯ ಮೇಲಿದ್ದ ಹಚ್ಚಿದ ಅವಲಕ್ಕಿಯ ಡಬ್ಬಿ ಮಾತ್ರ ಮುಂದಕ್ಕೆ ಹಾರಿ, ಮುಂದೆ ಕೂತಿದ್ದ ಪೀರಪ್ಪನ ತಲೆಯ ಮೇಲೆ ಮಗುಚಿತು. ಶೇಂಗಾ, ಒಗ್ಗರಣೆ, ಕರಿಬೇವು ಅವನ ಕಿವಿಯತನಕ ಇಳಿದವು. ಅವನು ಬಾಯಿ ತೆರೆದದ್ದು ಬೈಯಲಿಕ್ಕೆ; ಆದರೆ ಬಾಯಿಗೆ ಬಿದ್ದದ್ದು ರುಚಿಯಾಗಿದ್ದರಿಂದ ಸುಮ್ಮನಾದ. ಬ್ರೇಕಿಗೆ ಪೂರ್ಣ ಅಂಕ ಎಂದು ಮಾಸ್ತರರು ಮನಸ್ಸಿನಲ್ಲಿ ಬರೆದುಕೊಂಡರು.

ತಾಯಿಯನ್ನು ಮಳಖೇಡದಲ್ಲಿ ಇಳಿಸಿದ ಮೇಲೆ ಮಾಸ್ತರರು ಒಬ್ಬರೇ ಗಜರಾಜಕ್ಕೆ ಬಂದು ಕೂತರು. ಅಮೀರ್ ಅಲಿ, ಪೀರಪ್ಪ ಸಿಕಂದರಿನಲ್ಲಿ ಮುಂದೆ ಹೋದರು. ಸೇಡಂ ದಾಟುವತನಕ ಗಜರಾಜ ಮರ್ಯಾದೆಯಿಂದಲೇ ಓಡಿತು. ಚಿಂಚೋಳಿ ದಾಟಿ ಮೊದಲ ಏರು ಬಂದಾಗ ಅದು ಉಬ್ಬಸದ ಮುದುಕನಂತೆ ಎರಡು ಸಲ ಕೆಮ್ಮಿತು. ಮುಂದೆ ಸಿಕಂದರ್ ಆಡಿನ ಮರಿಯ ಹಾಗೆ ಏರಿ ತಿರುವಿನಲ್ಲಿ ಮಾಯವಾಯಿತು. ಗಜರಾಜ ನಡುದಾರಿಯಲ್ಲಿ ನಿಂತಿತು. ನಿಂತು, ಸ್ವಲ್ಪ ವಿಚಾರ ಮಾಡಿ, ಹಿಂದಕ್ಕೆ ಸರಿಯತೊಡಗಿತು.

ಗುಟಕಾ ಅಗಿಯುತ್ತಿದ್ದ ಡ್ರೈವರ್ ಕೈಬ್ರೇಕು ಎಳೆದ. ಅದು ಕೈಗೆ ಬಂತೇ ಹೊರತು ಗಾಡಿಗೆ ತಿಳಿಯಲಿಲ್ಲ. ಮಾಸ್ತರರು ಹಾರಿ ಇಳಿದು, ಹಿಂದಿನ ಬಾಗಿಲು ತೆರೆದು, ಪೀರಪ್ಪನ ಮಗಳ ಫರಸಿಕಲ್ಲೊಂದನ್ನು ಎಳೆದು ಗಾಲಿಗೆ ಕೊಟ್ಟರು. ಗಾಡಿ ನಿಂತಿತು, ಕಲ್ಲು ಎರಡಾಯಿತು. ಡ್ರೈವರ್ ಹುರುಪಿನಿಂದ ಎಕ್ಸಲರೇಟರ್ ಒತ್ತಿದ. ಮಳೆಗಾಲದ ಕರಿಮಣ್ಣು ಗಾಲಿಯ ಕೆಳಗಿಂದೆದ್ದು ಮಾಸ್ತರರ ಮೇಲೆ ತಲೆಯಿಂದ ಕಾಲಿನತನಕ, ಗೋಡೆಗೆ ಗಾರೆ ಬಳಿದಂತೆ, ಗಿಲಾಯಿ ಮಾಡಿತು. ಅಂಗಿಯಲ್ಲಿ ಬಿಳಿ ಉಳಿದದ್ದು ಕಂಕುಳಲ್ಲಿ ಮಾತ್ರ.

"ಹೊಸಾ ಗಾಡಿ ಅಲ್ಲೇನ್ರಿ ಸರ್," ಎಂದ ಡ್ರೈವರ್, "ಇನ್ನಾ ನಾಚಿಕೊಳ್ಳಾಕತ್ತದ."

ಅಂತೂ ಅದು ಏರಿತು, ಅರ್ಧದಾರಿ ಮಾಸ್ತರರೇ ನೂಕಿದ ಮೇಲೆ. ಐನಾಪುರದಲ್ಲಿ ಅಮೀರ್ ಅಲಿ ಅವರ ಅವತಾರ ನೋಡಿ ಹೌಹಾರಿದ. ಏನಾಯಿತೆಂದು ಎಷ್ಟು ಕೇಳಿದರೂ ಮಾಸ್ತರರು ಬಾಯಿ ಬಿಡಲಿಲ್ಲ. ಫಲಿತಾಂಶ ಹೊರಬೀಳುವ ಮೊದಲು ಒಬ್ಬ ವಿದ್ಯಾರ್ಥಿಯ ಸೋಲನ್ನು ಹೇಳುವುದು ಪರೀಕ್ಷಕನಿಗೆ ಶೋಭೆಯಲ್ಲ. ಎಲ್ಲವನ್ನೂ ಓಣಿಯಲ್ಲಿ, ಹತ್ತು ಜನರ ಮುಂದೆ, ಸಾವಕಾಶ ಬಿಚ್ಚಿಡಬೇಕು. ಸಿಕಂದರ್ ತೊಂಬತ್ತೊಂದು, ಗಜರಾಜ ನಪಾಸು. ತಮ್ಮ ಜೀವನದಲ್ಲಿ ಇಷ್ಟು ಸ್ಪಷ್ಟವಾದ ತೀರ್ಪು ಅವರು ಕೊಟ್ಟಿರಲಿಲ್ಲ. ಕೆಸರಿನೊಳಗೇ ಅವರು ಹಿಗ್ಗಿದರು.

ಹಿಂತಿರುಗುವಾಗ ಮೂವರೂ ಸಿಕಂದರಿನಲ್ಲೇ ಬಂದು, ಸೇಡಮ್ಮಿನ ಒಂದು ಹೋಟೆಲಿನ ಮುಂದೆ ಚಹಕ್ಕೆ ನಿಂತರು. ಮಾಸ್ತರರು ಮುಖ ತೊಳೆಯಲು ಹಿಂದಿನ ನಲ್ಲಿಗೆ ಹೋದರು. ತಟ್ಟಿಗೋಡೆಯ ಆಚೆ ಅಮೀರ್ ಅಲಿ, ಪೀರಪ್ಪ ಬಸಿಯಲ್ಲಿ ಚಹ ಸುರಿದುಕೊಂಡು ಮಾತಾಡುತ್ತಿದ್ದರು.

"ಇದರಾಗ ತಲಿ ಕೆಡಸ್ಕೊಳ್ಳೋದು ಏನದರಿ ಸಾಹೇಬ್ರ?" ಎನ್ನುತ್ತಿದ್ದ ಪೀರಪ್ಪ. "ಮಾಸ್ತರ್ ಒಂದು ಹೆಸರು ಹೇಳ್ತಾರ. ನೀವು ಎರಡನೇದು ಬುಕ್ ಮಾಡ್ರಿ. ಅವರು ಬ್ಯಾಡಂದ ಮಿಕ್ಸರ್ ನಮ್ಮ ಮನ್ಯಾಗ ಇನ್ನಾ ಗರಗರ ಅಂತದ. ಅವರು ಹೇಳಿ ತಾವೇ ತಂದ್ರಲ್ಲ, ಅದರ ಬೋಗುಣ್ಯಾಗ ಈಗ ತುಳಸಿ ಹಚ್ಯಾರ."

"ಖರೇ ಅದ," ಎಂದ ಅಮೀರ್ ಅಲಿ. "ದಿಕ್ಕು ಉಲ್ಟಾ ತೋರಿಸೋ ಹೋಕಾಯಂತ್ರ ಇದ್ರೂ ದಾರಿ ಸಿಗ್ತದ. ದಿನಾ ಉಲ್ಟಾ ತೋರಿಸಬೇಕು, ಅಷ್ಟ. ಮಾಸ್ತರ್ ಸಾಬ್ ಒಂದು ದಿನ ಸುದ್ದಾ ತಪ್ಪಿಲ್ಲ."

"ಅದಕ್ಕ ನಮ್ಮ ಓಣ್ಯಾಗ ಯಾರೂ ಅವರನ್ನ ಕೇಳದ ಏನೂ ತರಂಗಿಲ್ಲ."

ನಲ್ಲಿಯ ನೀರು ಮಾಸ್ತರರ ಮೊಣಕೈಯಿಂದ ಇಳಿದು ಬೂಟಿನೊಳಗೆ ಹೋಗುತ್ತಿತ್ತು. ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷ 'ಸ್ಟಾಕ್ ಇರಲಿಲ್ಲ' ಎಂದ ಮಾಲುಗಳೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ಹಾದುಹೋದವು: ಫ್ರಿಜ್ಜು, ಮೋಟರು, ಇಸ್ತ್ರಿಪೆಟ್ಟಿಗೆ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಕೊನೆಗೆ ವಿಜ್ಞಾನದ ಮಾಸ್ತರರಾದ್ದರಿಂದ ವಿಚಾರ ಬಂತು.

ತಾವು ಸಿಕಂದರ್ ಎಂದರೆ ಅಮೀರ್ ಅಲಿ ಗಜರಾಜ ತರುತ್ತಾನೆ. ಚಿಂಚೋಳಿಯ ಏರಿನಲ್ಲಿ ಅದು ಹಿಂದಕ್ಕೆ ಸರಿದಾಗ ಒಳಗೆ ಸರ್ವರಬೇಗಂ ಕೂತಿರುತ್ತಾಳೆ. ಗಜರಾಜ ಎಂದರೆ? ಸಿಕಂದರ್ ತರುತ್ತಾನೆ. ಅಂದರೆ ಮಾಸ್ತರರ ನಿಜವಾದ ಆಯ್ಕೆಯೇ ಓಣಿಗೆ ಬರುತ್ತದೆ. ಹತ್ತು ವರ್ಷ ಅದು ಗುಡುಗುಡು ಓಡುತ್ತಿದ್ದರೆ, ಆರಿಸಿದವರು ಯಾರೆಂದು ಒಬ್ಬರಿಗೆ ಗೊತ್ತಿದ್ದರೆ ಸಾಕು. ಆ ಒಬ್ಬರು ತಾವು. ಇಡೀ ಊರಿಗೆ ತಿಳಿಯದ ಹಾಗೆ ಇಡೀ ಊರನ್ನು ಗೆಲ್ಲುವುದು. ಇಂಥ ಗೆಲುವಿನ ಮುಂದೆ ಚಪ್ಪಾಳೆ ಯಾವ ಲೆಕ್ಕ? ಅವರು ತಲೆ ಒರೆಸಿಕೊಂಡು, ಕೆಸರಿನ ಅಂಗಿಯ ಕಾಲರು ಸರಿಮಾಡಿಕೊಂಡು ಹೊರಗೆ ಬಂದರು.

ಮಳಖೇಡದಲ್ಲಿ ತಾಯಿಯನ್ನು ಹತ್ತಿಸಿಕೊಂಡು ಶಹಾಬಾದ ಮುಟ್ಟುವಾಗ ಬಿಸಿಲು ಇಳಿದಿತ್ತು. ಓಣಿ ತುಂಬಿತ್ತು. ಸರ್ವರಬೇಗಂ ಬಾಗಿಲ ಪರದೆಯ ಹತ್ತಿರ ನಿಂತಿದ್ದಳು. ಎರಡೂ ಗಾಡಿಯವರು ಶಾಲೆಯ ಹುಡುಗರಂತೆ ಕೈಕಟ್ಟಿದ್ದರು. ಮಾಸ್ತರರು ಗಜರಾಜದ ಬಾನೆಟ್ಟಿನ ಮೇಲೆ ಕೈಯಿಟ್ಟು ಮಾತು ಶುರುಮಾಡಿದರು.

ಅಂಥ ಭಾಷಣ ಅವರು ಆಗಸ್ಟ್ ಹದಿನೈದಕ್ಕೂ ಮಾಡಿರಲಿಲ್ಲ. ಏರಿನಲ್ಲಿ ಗಜರಾಜ ತೋರಿಸಿದ ತಾಳ್ಮೆ ಎಂಥದ್ದು ಎಂದರು. ಅದರ ಕೈಬ್ರೇಕು ಎಷ್ಟು ಮೃದು, ಎಳೆದದ್ದೇ ತಿಳಿಯುವುದಿಲ್ಲ ಎಂದರು. ಅದರ ಗಾಲಿಗೆ ಮಣ್ಣಿನ ಮೇಲೆ ಎಷ್ಟು ಪ್ರೀತಿ ಎಂಬುದಕ್ಕೆ ತಮ್ಮ ಅಂಗಿಯನ್ನೇ ತೋರಿಸಿದರು. ಬೆಲೆಗೆ ತಕ್ಕ ಮಾಲು, ಸುರಕ್ಷತೆ, ಕಸುವು, ಮೂರಕ್ಕೂ ಸೇರಿ ತೊಂಬತ್ತೊಂದು. ಗಜರಾಜದ ಡ್ರೈವರ್ ಗುಟಕಾ ಅಗಿಯುವುದನ್ನೇ ಮರೆತು ತನ್ನ ಗಾಡಿಯನ್ನು ಹೊಸದಾಗಿ ನೋಡಿದ. ಸುಳ್ಳನ್ನು ಇಷ್ಟು ಚೆಂದ ಹೇಳಬಲ್ಲೆನೆಂದು ಮಾಸ್ತರರಿಗೂ ಗೊತ್ತಿರಲಿಲ್ಲ. ಆ ಹೆಮ್ಮೆ ಬೇರೆ ಸೇರಿಕೊಂಡಿತು.

"ಆದ್ದರಿಂದ ಅಮೀರ್ ಭಾಯ್, ನನ್ನ ಮಾತು ಕೇಳೋದಾದ್ರ ಗಜರಾಜ ತಗೊಳ್ರಿ."

ಪೀರಪ್ಪ ಅಮೀರ್ ಅಲಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಮೀರ್ ಅಲಿ ಮಿಟುಕಿಸಲಿಲ್ಲ. ಅವನ ಕಣ್ಣು ತುಂಬಿತ್ತು. ಅವನು ಬಂದು ಮಾಸ್ತರರನ್ನು ಕೆಸರಿನ ಸಮೇತ ಅಪ್ಪಿಕೊಂಡ.

"ಮಾಸ್ತರ್ ಸಾಬ್, ಇಷ್ಟು ವರ್ಷ ತಮ್ಮ ಮಾತು ಒಂದು ಕಿವಿಲೆ ಕೇಳಿ ಉಲ್ಟಾ ಮಾಡಿದವ ನಾನು. ಮಾಫ್ ಮಾಡ್ರಿ. ದಾರಿತುಂಬಾ ತಮ್ಮ ಅಂಗಿನೇ ನೋಡಕೋತ ಬಂದೆ. ಮಂದಿ ಗಾಡಿ ಸಲುವಾಗಿ ಇಷ್ಟು ರಾಡಿ ಯಾರು ಹಚ್ಕೋತಾರ? ಸ್ವಂತ ಅಣ್ಣ ಹಚ್ಕೊಳ್ಳಂಗಿಲ್ಲ. ಇವತ್ತು ತಮ್ಮ ಮಾತೇ ಆಖ್ರಿ. ಗಜರಾಜ."

ಮಾಸ್ತರರು ಅಪ್ಪುಗೆಯಿಂದ ಬಿಡಿಸಿಕೊಂಡರು. ಅವಸರ ಮಾಡಬಾರದು, ಸಿಕಂದರೂ ಏನು ಕಡಿಮೆಯಿಲ್ಲ, ಇನ್ನೊಮ್ಮೆ ವಿಚಾರ ಮಾಡೋಣ ಎಂದು ತೊದಲಿದರು. ಏರಿನ ಮೇಲೆ ಆದದ್ದನ್ನೂ ಹೇಳಲು ಹೋದರು. ಅಮೀರ್ ಅಲಿ ಅವರ ಬಾಯಿಯ ಮೇಲೆ ಕೈಯಿಟ್ಟ. ಇದು ದೊಡ್ಡವರ ವಿನಯ, ಇನ್ನು ತನಗೆ ಪಾಪ ಹಚ್ಚಬಾರದು ಎಂದ. ಪರದೆಯ ಹಿಂದಿನಿಂದ ಸರ್ವರಬೇಗಂ ಸಕ್ಕರೆ ಕಳಿಸಿದಳು. ಅನಸೂಯಾಬಾಯಿ ಮಳಖೇಡದ ಮಂತ್ರಾಕ್ಷತೆಯನ್ನು ದೂರದಿಂದಲೇ ಗಜರಾಜದ ಮೂತಿಗೆ ಎಸೆದರು. ಮುಂಗಡದ ಬಯಾನಾ ಕೈಯಿಂದ ಕೈಗೆ ಹೋಯಿತು. ಡ್ರೈವರ್ ಮಾಸ್ತರರ ಕಾಲು ಮುಟ್ಟಿದ.

ಜನ ಚದುರಿದ ಮೇಲೆ ನೋಡಿದರೆ ಸಿಕಂದರ್ ಇನ್ನೂ ಹೋಗಿರಲಿಲ್ಲ. ಅದರ ಕಿಟಕಿಯಲ್ಲಿ ತಲೆ ತೂರಿಸಿ ಪೀರಪ್ಪ ಅದರ ಡ್ರೈವರನ ಜೊತೆ ಪಿಸುಮಾತಿನಲ್ಲಿದ್ದ. ಮಾಸ್ತರರನ್ನು ಕಂಡು ಹತ್ತಿರ ಬಂದ. ಅವನ ಮುಖ ಹಬ್ಬದಂತಿತ್ತು.

"ಸಾಹೇಬ್ರಿಗೆ ಇವತ್ತ ಏನೋ ಹುಚ್ಚು ಹಿಡದದ, ಹಿಡೀಲಿ. ನಾ ಏನು ನನ್ನ ದಾರಿ ಬಿಡಂಗಿಲ್ಲ. ನಮ್ಮ ಅಳಿಯ ಗಾಡಿ ತಗೋಬೇಕಂತ ವರ್ಷದಿಂದ ಒದ್ದಾಡಾಕತ್ತಾನ, ಯಾವದು ಅಂತ ತಿಳೀವಲ್ದಾಗಿತ್ತು. ನೀವು ಗಜರಾಜ ಅಂದ್ರಿ ನೋಡ್ರಿ, ಗಪ್ಪನೆ ಸಿಕಂದರ್ ಹೇಳಿಬಿಟ್ಟೆ." ಪೀರಪ್ಪ ಎರಡೂ ಕೈ ಜೋಡಿಸಿದ. "ಸರ್, ನೀವಿಲ್ಲಂದ್ರ ಈ ಓಣಿ ಗತಿ ಏನಾಗ್ತಿತ್ತು?"

ಆ ಮಾತಿಗೆ ಪ್ರಾಣೇಶ ಮಾಸ್ತರರ ಎದೆ, ಹಳೆಯ ಚಟದಿಂದ, ಒಂದು ಗಳಿಗೆ ಉಬ್ಬಿತು.