ನಾಲ್ಕು ಊರು, ಒಂದು ಹಂಚು, ಒಂದು ಕುರ್ಚಿ

ಅರವತ್ತು ದಾಟಿದ ಮೇಲೆ ನೌಕರಿಗೆ ಅರ್ಜಿ ಹಾಕಿದವಳು ನಾನು. ಹಾಕಿದಾಗ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೆಲಸ ನನ್ನದೇ! ಬಸವನ ಬಾಗೇವಾಡಿಯಿಂದ ಇಂಡಿಯವರೆಗೆ ನನ್ನ ರೊಟ್ಟಿ ತಿನ್ನದ ಬಾಯಿ ಇದ್ದರೆ ಅದು ಹಲ್ಲು ಬಾರದ ಕೂಸಿನದು, ಇಲ್ಲವೆ ಹಲ್ಲು ಉದುರಿದ ಮುದುಕನದು.

ಕೆಲಸ ಬಾಗೇವಾಡಿಯಲ್ಲೇ, ನಮ್ಮ ಓಣಿಯ ಹಿಂದೆ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ರೊಟ್ಟಿ ಬಡಿಯಲು ಮೂವರು ಬೇರೆ ಇರುತ್ತಾರಂತೆ. ಅವರ ಮೇಲೊಬ್ಬ ಹಿರಿಯಳು. ಆಕೆ ಕುರ್ಚಿಯ ಮೇಲೆ ಕುಳಿತು ಹಿಟ್ಟು, ಬೆಂಕಿ, ರೊಟ್ಟಿ ನೋಡಿಕೊಂಡರೆ ಆಯಿತು. ಕುರ್ಚಿ! ನಲವತ್ತು ವರ್ಷ ಒಲೆಯ ಮುಂದೆ ನೆಲದ ಮೇಲೆ ಕುಳಿತು ನನ್ನ ಮೊಣಕಾಲು ಹಳೆಯ ಬಾಗಿಲಿನಂತೆ ಕಿರ್ರೆನ್ನುತ್ತವೆ. ಆ ಕುರ್ಚಿ ನನಗೆ ಬೇಕೇ ಬೇಕು!

ಸುದ್ದಿ ತಂದವಳು ಪಕ್ಕದ ಮನೆಯ ಕಾಶವ್ವ. ಜೊತೆಗೆ ಒಂದು ತಕರಾರನ್ನೂ ತಂದಳು.

"ಅಕ್ಕಾ, ಬಯೋಡಾಟಾ ಬೇಕಂತ. ಎಲ್ಲೆಲ್ಲಿ ಕೆಲಸ ಮಾಡೀರಿ, ಯಾಕ ಬಿಟ್ರಿ, ಯಾರನ್ನ ಕೇಳಬೇಕು, ಎಲ್ಲಾ ಒಂದು ಹಾಳಿ ಮ್ಯಾಲ ಬರಸಬೇಕಂತ."

ಮೂಲೆಯಲ್ಲಿ ಕಂಬಳಿ ನೇಯುತ್ತಿದ್ದ ನಮ್ಮ ಮನೆಯವರು ಮಗ್ಗ ನಿಲ್ಲಿಸಿದರು. "ಯಾಕ ಬಿಟ್ರಿ ಅನ್ನೂದಕ್ಕ ಹಾಳಿ ಸಾಲೂದಿಲ್ಲ ಕಾಶವ್ವ. ಒಂದು ಜಮಖಾನಿ ಬೇಕಾಗ್ತದ."

ಅವರಿಗೆ ಹೊಟ್ಟೆಯೊಳಗಿನ ಸಿಟ್ಟು. ನಾನು ಊರು ಬದಲಿಸಿದಾಗಲೆಲ್ಲ ಅವರು ಮಗ್ಗ ಬಿಚ್ಚಿ ಕಟ್ಟಬೇಕು. ನಾಲ್ಕು ಊರು, ನಾಲ್ಕು ಸಲ.

ನನ್ನ ಪದ್ಧತಿ ಹೇಳಿಬಿಡುತ್ತೇನೆ. ನನಗೊಂದು ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಇದೆ, ತವರಿನಿಂದ ಬಂದದ್ದು. ಕೆಲಸಕ್ಕೆ ಸೇರುವಾಗ ಅದನ್ನು ಮಾಲೀಕನ ಒಲೆಯ ಮೇಲೆ ಇಡುತ್ತೇನೆ. ಬಿಡುವಾಗ ಸೆರಗಿನಿಂದ ಹಿಡಿದು ಎತ್ತಿಕೊಂಡು ಹೊರಡುತ್ತೇನೆ. ರಾಜೀನಾಮೆ ಪತ್ರ ಗಿತ್ರ ಇಲ್ಲ. "ಮಾಳವ್ವ ಹಂಚು ಎತ್ತಿದಳು" ಎಂದರೆ ಆ ಮಾಲೀಕ ಸಂಜೆಯೊಳಗೆ ಬೇರೆ ಹೆಂಗಸನ್ನು ಹುಡುಕಬೇಕು, ಅಷ್ಟೆ.

ಕಾಶವ್ವ ನನ್ನನ್ನು ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಗೆ ಕರೆದೊಯ್ದಳು. ಅಲ್ಲಿ ಟೈಪು ಮಾಡುವ ರೇಣುಕಾ ಜಾಣ ಹುಡುಗಿ. ನಾನು ಹೇಳುತ್ತಾ ಹೋದೆ.

"ಬರಿಯವ್ವ. ಇಂಡಿ ಖಾನಾವಳಿ. ಫಲಕದಾಗ ಹೊಟ್ಟಿ ತುಂಬ ರೊಟ್ಟಿ ಅಂತ ಬರಸಿದ್ದ. ಗಿರಾಕಿ ನಾಕನೇ ರೊಟ್ಟಿ ಮುಗಿಸಿದ ಕೂಡಲೇ ಮಾಲಕ ಕೆಮ್ಮತಿದ್ದ. ಕೆಮ್ಮಿದ್ರ ನಾ ಬುಟ್ಟಿ ಮುಚ್ಚಬೇಕು. ನಾ ಮುಚ್ಚಲಿಲ್ಲ, ಹಂಚು ಎತ್ತಿದೆ."

"ಆಯಿ, ಹಂಗ ಬರೀಬಾರದ್ರಿ," ಎಂದಳು ರೇಣುಕಾ. "ವೈಯಕ್ತಿಕ ಕಾರಣ ಅಂತ ಬರೀತೇನಿ."

"ಯಾವ ವೈಯಕ್ತಿಕ? ಇಡೀ ಖಾನಾವಳಿ ಕೇಳ್ಯಾದ!"

"ಮುಂದ ಹೇಳ್ರಿ."

"ಸಿಂದಗಿ. ಮದುವಿ ಅಡಗಿ ಗುತ್ತಿಗಿ. ಜ್ವಾಳದ ಹಿಟ್ಟಿನಾಗ ಗೋದಿ ಹಿಟ್ಟು ಬೆರಸು ಅಂದ. ಬೀಗರ ಪಂಕ್ತಿ ಕುಂತಾಗ ಎಲ್ಲಾರಿಗೂ ಹೇಳಿ ಬಂದೆ."

ರೇಣುಕಾ ಬೆರಳು ನಿಲ್ಲಿಸಿದಳು. "ಅನುಭವ ಹೆಚ್ಚಿಸಿಕೊಳ್ಳಲು ಅಂತ ಹಾಕ್ತೇನ್ರಿ."

"ಮುದ್ದೇಬಿಹಾಳ ಕ್ಯಾಂಟೀನ. ಮಾಲಕನ ಅವ್ವ ದಿನಾ ಬಂದು ನನ್ನ ಹಿಟ್ಟಿನಾಗ ಕೈ ಹಾಕಿ ನನಗ ಹದ ಕಲಿಸ್ತಿದ್ದಳು. ಹಿಟ್ಟು ನಾದೂ ಪರಾತ ಆಕಿ ತೊಡಿ ಮ್ಯಾಲ ಇಟ್ಟು ಬಂದೆ. ಆಮ್ಯಾಲ ತಾಳಿಕೋಟಿ."

"ಅಲ್ಲಿ ಮಾಲಕ ಹೆಂಗಿದ್ರಿ?"

"ದೇವರಂಥಾ ಮನಶ್ಯಾ."

"ಮತ್ತ ಯಾಕ ಬಿಟ್ರಿ?"

ಎಷ್ಟು ಯೋಚಿಸಿದರೂ ಕಾರಣ ಸಿಗಲಿಲ್ಲ. ಕಡೆಗೆ ನಿಜ ಹೇಳಿದೆ. "ಜಗಳ ಮಾಡಾಕ ಏನೂ ಇರಲಿಲ್ಲವ್ವ. ಬ್ಯಾಸರಾತು."

ರೇಣುಕಾ ಅದಕ್ಕೂ ವೈಯಕ್ತಿಕ ಕಾರಣ ಎಂದು ಬರೆದಳು. ಹಾಳೆ ಮುದ್ದಾಗಿ ಬಂತು. ಓದಿ ಹೇಳಿದಾಗ ನಾನು ಯಾರೋ ಸಭ್ಯ ಹೆಂಗಸು ಎನಿಸಿತು. ಆದರೆ ಕೆಳಗೆ ನಾಲ್ಕೂ ಮಾಲೀಕರ ಫೋನ್ ನಂಬರು ಇದ್ದವು. ಅದೇ ತಲೆನೋವು! ಹಾಸ್ಟೆಲಿನವರು ಫೋನ್ ಹಚ್ಚಿದರೆ ಆ ನಾಲ್ವರು ಏನು ಹೇಳಿಯಾರು?

ಆಗ ನನಗೊಂದು ಮಹಾ ಯೋಚನೆ ಹೊಳೆಯಿತು. ಖುದ್ದಾಗಿ ಹೋಗಿ ಅವರ ಮನಸ್ಸು ಮೆತ್ತಗೆ ಮಾಡುವುದು! ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಂಡು ಇಂಡಿಗೆ ಹೊರಟೆ.

"ಬಾಯಾಗ ಹೋಳಿಗಿ ಇಟ್ಕೊಂಡ ಮಾತಾಡು," ಎಂದು ನಮ್ಮ ಮನೆಯವರು ಹಿಂದಿನಿಂದ ಕೂಗಿದರು. "ತೆಗೀಬ್ಯಾಡ!"

ಇಂಡಿಯ ಮಾಲೀಕ ನನ್ನನ್ನು ಕಂಡು ದುಡ್ಡಿನ ಗಲ್ಲೆಯ ಮುಂದಿನಿಂದ ಎದ್ದೇ ಬಿಟ್ಟ. ಹೋಳಿಗೆ ಕೊಟ್ಟೆ. ತಿಂದ. ನಕ್ಕ. "ಆದದ್ದಾತು ಬಿಡು ಮಾಳವ್ವಾಯಿ. ಯಾರರ ಕೇಳಿದ್ರ ಛಲೋ ಹೇಳ್ತೇನಿ," ಎಂದ. ನನ್ನ ಕಣ್ಣ ಮುಂದೆ ಕುರ್ಚಿಯ ನಾಲ್ಕೂ ಕಾಲು ಕಂಡವು!

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಗಿರಾಕಿ ಇನ್ನೊಂದು ರೊಟ್ಟಿ ಕೇಳಿದ. ಮಾಲೀಕ ಕೆಮ್ಮಿದ.

ನಾನು ಸುಮ್ಮನಿರಬೇಕಿತ್ತು. ನಾಲಿಗೆಗೆ ಹಾಗೆಂದು ಹೇಳಿಯೂ ಇದ್ದೆ.

"ತಮ್ಮಾ, ಆತಗ ನೆಗಡಿ ಬಂದಿಲ್ಲ!" ಎಂದು ಕೂಗಿದೆ. "ಬುಟ್ಟಿಯಾಗ ಇನ್ನೂ ಅದಾವು, ಕೇಳು!"

ಖಾನಾವಳಿಯೆಲ್ಲ ನಕ್ಕಿತು. ಮಾಲೀಕ ನಗಲಿಲ್ಲ. "ಕೇಳಲಿ, ಕೇಳಲಿ. ಎಲ್ಲಾ ಹೇಳ್ತೇನಿ," ಎಂದು ಹೋಳಿಗೆ ಡಬ್ಬಿಯನ್ನು ಮಾತ್ರ ಒಳಗಿಟ್ಟುಕೊಂಡ.

ಬರುವಾಗ ಸಿಂದಗಿಯಲ್ಲಿ ಇಳಿದೆ. ಗುತ್ತಿಗೆದಾರ ಒಂದು ಕಲ್ಯಾಣ ಮಂಟಪದಲ್ಲಿ ಪಂಕ್ತಿ ಬಡಿಸುತ್ತಿದ್ದ. ನಾನು ಬಾಗಿಲಲ್ಲಿ ಕಂಡದ್ದೇ ತಡ, "ಹಿಟ್ಟು ಮುಚ್ರಪ್ಪೋ!" ಎಂದು ತನ್ನ ಆಳುಗಳಿಗೆ ಕೂಗಿದ. ಅಲ್ಲಿ ಮಾತನಾಡುವ ಅಗತ್ಯವೇ ಬೀಳಲಿಲ್ಲ. ಮುದ್ದೇಬಿಹಾಳ, ತಾಳಿಕೋಟೆಗಳನ್ನು ಆ ಶಿವನಿಗೆ ಬಿಟ್ಟು ಮನೆಗೆ ಬಂದೆ.

ಸಂದರ್ಶನದ ದಿನ ಹಂಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡೆ. ಹೊರಲು ಕಾಶವ್ವ ಬಂದಳು. ಹಾಸ್ಟೆಲಿನ ಮೇಡಂ ಕನ್ನಡಕ ಹಾಕಿಕೊಂಡು ಹಾಳೆ ಓದಿದರು.

"ನಾಲ್ಕೂ ಕಡೆ ಫೋನ್ ಮಾಡಿದ್ದೆ ಆಯಿ."

"ಏನಂದ್ರವ್ವ?"

"ನಾಕೂ ಮಂದಿ ಒಂದ ಮಾತು ಹೇಳಿದ್ರು. ರೊಟ್ಟಿ ಭಾಳ ಛಲೋ. ಬಾಯಿ ಭಾಳ ಭಾಳ." ಆಮೇಲೆ ನಕ್ಕುಬಿಟ್ಟರು. "ಅಡಗಿಮನಿಯಾಗ ಕಳ್ಳತನ ಆದ್ರ ಒದರಾಕ ನನಗೂ ಒಂದು ಬಾಯಿ ಬೇಕಾಗೇತಿ. ಎರಡು ರೊಟ್ಟಿ ಬಡದು ತೋರಸ್ರಿ."

ಅಲ್ಲಿ ಎರಡು ಒಲೆ. ಒಂದು ಆರಿತ್ತು, ಅದರ ಮೇಲೆ ಅವರ ಹಂಚು. ಉರಿಯುವ ಒಲೆಯ ಮೇಲೆ ನನ್ನದನ್ನಿಟ್ಟೆ. ಬಡಿದೆ. ಎರಡೂ ರೊಟ್ಟಿ ಪುರಿಯಂತೆ ಉಬ್ಬಿದವು! ಮೇಡಂ ತಿಂದು ಕಣ್ಣು ಮುಚ್ಚಿದರು. ನನ್ನನ್ನು ಕೈಹಿಡಿದು ಕುರ್ಚಿಯ ಮೇಲೆ ಕೂಡಿಸಿದರು. ಚಹಾ ಕೊಡಿಸಿದರು. ಎರಡು ಕೈಯಿರುವ ಕುರ್ಚಿ! ಮೊಣಕಾಲು ಮೊದಲ ಸಲ ನನಗೆ ಶರಣು ಎಂದವು.

"ಸೋಮವಾರದಿಂದ ಬರ್ರಿ," ಎಂದರು ಮೇಡಂ. "ಒಂದ ಮಾತು. ನಮ್ಮವು ಖಾನೆ ಇರೋ ತಾಟು. ರೊಟ್ಟಿ ಈ ಖಾನೆದಾಗ ಕೂಡೂವಷ್ಟ ಇರಬೇಕು."

ಖಾನೆ ನೋಡಿದೆ. ನನ್ನ ಅಂಗೈಯಷ್ಟಿತ್ತು.

"ತಾಟು ನೋಡಿ ರೊಟ್ಟಿ ಬಡಿಯಾಕಿ ನಾ ಅಲ್ಲವ್ವ! ರೊಟ್ಟಿ ನೋಡಿ ತಾಟು ತರಬೇಕು!"

"ಆಯಿ, ಸಣ್ಣ ಮಾತು..."

"ರೊಟ್ಟಿ ಸಣ್ಣದು ಮಾಡಿ ಮಾತೂ ಸಣ್ಣದು ಅಂತೀರಿ?"

ಎದ್ದೆ. ಹಂಚು ಎತ್ತಿದೆ. ಗೋಣಿಚೀಲಕ್ಕೆ ಹಾಕಿ ಹೊರಬಿದ್ದೆ. ಸೆರಗನ್ನೂ ಮರೆತು ಬರಿಗೈಯಲ್ಲೇ ಎತ್ತಿದ್ದೆ, ಆದರೂ ಸುಡಲಿಲ್ಲ! ಸ್ವಾಭಿಮಾನಿಯ ಕೈಗೆ ಬೆಂಕಿಯೂ ಹೆದರುತ್ತದೆ ಎಂದು ದಾರಿಯುದ್ದಕ್ಕೂ ಉಬ್ಬಿಕೊಂಡು ಬಂದೆ.

ಮನೆಯ ಮುಂದೆ ಬಂದಾಗ ತಿಳಿಯಿತು. ನಾನು ಇನ್ನೂ ಕೆಲಸಕ್ಕೆ ಸೇರಿರಲಿಲ್ಲ! ಸೇರುವ ಮೊದಲೇ ಕೆಲಸ ಬಿಟ್ಟ ಕೀರ್ತಿ ಈ ನಾಲ್ಕು ತಾಲೂಕಿನಲ್ಲಿ ನನ್ನೊಬ್ಬಳದೇ.

ನಮ್ಮ ಮನೆಯವರು ಹಂಚು ಹೊರತೆಗೆದು ಮುಟ್ಟಿ ನೋಡಿದರು. ತಿರುಗಿಸಿ ನೋಡಿದರು.

"ಒಲಿ ಮ್ಯಾಲಿಂದ ಈಗ ಎತ್ತಿದ್ದು ಇಷ್ಟು ತಣ್ಣಗ ಹೆಂಗ?"

"ಸಿಟ್ಟಿಗಿ ಸುಡಲಿಲ್ಲರಿ."

"ಸಿಟ್ಟಿಗಿ ಹಿಡಿಯಾಕ ಎರಡು ಕಡೆ ಕಿವಿನೂ ಬಂದಾವೇನು? ನಿನ್ನ ಹಂಚಿಗಿ ಕಿವಿ ಎಲ್ಲಿದ್ದವು?"

ನೋಡಿದೆ. ಕಿವಿಗಳಿದ್ದವು. ಆರಿದ ಒಲೆಯ ಮೇಲಿನ ಅವರ ಹಂಚನ್ನು ಎತ್ತಿಕೊಂಡು ಬಂದಿದ್ದೆ! ಮಾನ ಉಳಿಸಿಕೊಂಡು ಬಂದೆ ಎಂದುಕೊಂಡವಳು ಕಳ್ಳಿಯಾಗಿ ಬಂದಿದ್ದೆ.

ಸಂಜೆ ಕಾಶವ್ವ ಬಂದಳು. ನಾಚಿಕೊಂಡೇ ಬಂದಳು.

"ಅಕ್ಕಾ, ನಿನ್ನ ಪರವಾಗಿ ಮಾಫಿ ಕೇಳಾಕ ನಿಂತೆ. ಒಲಿ ಉರಿಯಾಕತ್ತಿತ್ತು, ಸುಮ್ನ ಎರಡು ಬಡದೆ. ಸಣ್ಣ ರೊಟ್ಟಿ ಮಾಡ್ತೀಯೇನು ಅಂದ್ರು. ಹೂಂ ಅಂದೆ."

"ಕುರ್ಚಿ?"

"ಗಾದಿ ಹಾಕಸ್ತಾರಂತ."

"ನನ್ನ ಹಂಚು?"

"ಅದರ ಮ್ಯಾಲ ಭಾಳ ಛಲೋ ಏಳ್ತಾವ ಅಕ್ಕಾ. ಅವರದು ನಿನ್ನ ಕಡೆ ಐತೆಲ್ಲ, ಅದಲಿಬದಲಿ ಆತು ಅಂದಾರ ಮೇಡಂ."

ಹೋಗಿ ತರಬಹುದಿತ್ತು. ಆದರೆ ಬಿಟ್ಟ ಹೊಸ್ತಿಲನ್ನು ಇಂಡಿಯಲ್ಲಿ ಒಮ್ಮೆ ತುಳಿದು ನೋಡಿದ್ದೆ. ಸಾಕು!

ಹೀಗೆ ನನಗೆ ಸಿಗಬೇಕಾದ ನೌಕರಿ ನನ್ನ ಹಂಚಿಗೆ ಸಿಕ್ಕಿತು. ಎಂಟು ತಿಂಗಳಾಯಿತು, ಅದೇ ಒಲೆಯ ಮೇಲೆ ಕುಳಿತಿದೆ. ಒಬ್ಬರ ಹತ್ತಿರವೂ ಜಗಳವಿಲ್ಲ, ತಕರಾರಿಲ್ಲ. ಮೊನ್ನೆ ನಮ್ಮ ಮನೆಯವರು ಮಗ್ಗದ ಹಿಂದಿನಿಂದ ಮೆಲ್ಲಗೆ ಹೇಳಿದರು:

"ಅಂದ್ರ, ಇಷ್ಟು ವರ್ಷ ಜಗಳಾ ಮಾಡಿದ್ದು ಹಂಚು ಅಲ್ಲ ಬಿಡು."